ಓದುಗರ ಪ್ರಶ್ನೆ: ಯರಗೋಳ್‌ಗೆ ಅಡ್ಡಬಂದ 1892ರ ಕರಾರು

ಪ್ರಶ್ನೆ: ಬ್ರಿಟಿಷರು ಹೋದ ಮೇಲೂ ತಮಿಳುನಾಡು 1892ರ ಒಪ್ಪಂದ ಹಿಡಿದು ನಮ್ಮ ಯರಗೋಳ್ ಅಣೆಕಟ್ಟೆಗೆ ತಕರಾರು ತೆಗೆದದ್ದು ಹೇಗೆ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಸಹಿ ಹಾಕಿದ್ದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ. ಇದನ್ನು ಸರೀಕರ ಕರಾರು ಎನ್ನಲಾಗದು. 1881ರಲ್ಲಷ್ಟೇ ಒಡೆಯರಿಗೆ ರಾಜ್ಯ ಮರಳಿಸಿದ್ದ ಬ್ರಿಟಿಷರೇ ಮದ್ರಾಸನ್ನೂ ಆಳುತ್ತಿದ್ದರು. ಅದರ 'ಎ' ಅನುಬಂಧದಲ್ಲಿ 15 ನದಿಗಳಿವೆ. ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂದು ಕೋಲಾರ, ಚಿಕ್ಕಬಳ್ಳಾಪುರದ ಹೊಳೆಗಳೇ ಸಾಲುಗಟ್ಟಿವೆ! ಇವುಗಳಿಗೆ ಹೊಸ ನೀರಾವರಿ ಜಲಾಶಯ ಕಟ್ಟಲು ಮದ್ರಾಸಿನ ಪೂರ್ವಸಮ್ಮತಿ ಬೇಕು. 30 ವರ್ಷಕ್ಕಿಂತ ಹೆಚ್ಚು ಕಾಲ ಪಾಳುಬಿದ್ದ ಕೆರೆಯೂ ಅದರ ಪ್ರಕಾರ 'ಹೊಸದೇ'.

ಯರಗೋಳ್ ಇರುವುದು ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯದ ಮೇಲೆ. ಸುಮಾರು ಅರ್ಧ ಟಿಎಂಸಿ, ಅದೂ ಕುಡಿಯುವ ನೀರಿಗೆ. ತಮಿಳುನಾಡಿನ ಅರ್ಜಿಯನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಹಾಗೆಂದು ಒಪ್ಪಂದವೇ ಬಿದ್ದುಹೋಯಿತು ಎಂದುಕೊಳ್ಳಬೇಡಿ: 1956ರ ಅಂತಾರಾಜ್ಯ ಜಲವಿವಾದ ಕಾಯ್ದೆಯಡಿ ನ್ಯಾಯಮಂಡಳಿ ಬೇಕೆಂದು ಕೇಂದ್ರವನ್ನು ಕೇಳಲು ದಾರಿ ಬಿಟ್ಟಿತು.

ಪ್ರಶ್ನೆ: ಸಂಸ್ಥಾನಗಳ ಜೊತೆಗಿನ ಒಪ್ಪಂದಗಳು ಸಂವಿಧಾನ ಬಂದಾಗಲೇ ರದ್ದಾಗಲಿಲ್ಲವೇ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಇಲ್ಲ. 363ನೇ ವಿಧಿಯಡಿ ಇವು ಕೋರ್ಟಿನ ವ್ಯಾಪ್ತಿಗೇ ಬರುವುದಿಲ್ಲ ಎಂಬ ವಾದ ಕಾವೇರಿ ಪ್ರಕರಣದಲ್ಲೂ ಎದ್ದಿತ್ತು. ಇವು ರಾಜಕೀಯ ಸ್ವರೂಪದವಲ್ಲ ಎಂದು 2018ರ ಫೆಬ್ರವರಿ ತೀರ್ಪು ಅದನ್ನು ಒಪ್ಪಲಿಲ್ಲ. 1924ರ ಕಾವೇರಿ ಒಪ್ಪಂದದ ಅವಧಿ ಮಾತ್ರ 50 ವರ್ಷ ತುಂಬಿ 1974ಕ್ಕೆ ಮುಗಿಯಿತು ಎಂದಿತು.