ಜಿಬಿ ಅಗ್ಗ, ರೀಚಾರ್ಜ್ ಏಕೆ ಭಾರ?

ಪತ್ರ: ಇಳಕಲ್ಲಿನಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ನ್ಯೂಜೆರ್ಸಿಯಲ್ಲಿರುವ ಅಳಿಯಂದಿರು ‘ಪ್ರಪಂಚದಲ್ಲೇ ಅಗ್ಗದ ಡೇಟಾ ನಿಮ್ಮದು, ಆದರೂ ಗೊಣಗುತ್ತೀರಿ’ ಎಂದು ಹಾಸ್ಯ ಮಾಡುತ್ತಾರೆ. ಅಷ್ಟು ಅಗ್ಗವಾದರೆ ವ್ಯಾಪಾರ ಜೋರಿರುವ ದಿನ ಮಧ್ಯಾಹ್ನಕ್ಕೇ ನನ್ನ ಡೇಟಾ ಮುಗಿಯುವುದೇಕೆ? ಬರೀ ಮಾತಾಡಲು ಮೊಬೈಲ್ ಇಟ್ಟುಕೊಂಡಿರುವ ನನ್ನ ತಾಯಿಗೂ ಅದೇ ರೀಚಾರ್ಜ್ ಏಕೆ?
— ಓದುಗರು, ಇಳಕಲ್, ಬಾಗಲಕೋಟೆ ಜಿಲ್ಲೆ

ಸಂಪಾದಕರ ಉತ್ತರ: ನಿಮ್ಮ ಅಳಿಯಂದಿರದು ಪೂರ್ತಿ ಸುಳ್ಳಲ್ಲ, ಸ್ವಲ್ಪ ಹಳೆಯದು. ಬ್ರಿಟನ್ನಿನ ದರ ಹೋಲಿಕೆಯ ಜಾಲತಾಣ ಕೇಬಲ್ ಡಾಟ್ ಕೋ ಡಾಟ್ ಯುಕೆ 2019ರಲ್ಲಿ ದೇಶ ದೇಶಗಳ ದರ ಹೋಲಿಸಿದಾಗ ಭಾರತವೇ ಎಲ್ಲಕ್ಕಿಂತ ಅಗ್ಗವಾಗಿತ್ತು. 2023ರ ಪಟ್ಟಿಯಲ್ಲಿ ಇಸ್ರೇಲ್ ಮತ್ತು ಇಟಲಿ ನಮಗಿಂತ ಮುಂದಿವೆ. ಆದರೂ ಅದೇ ಪಟ್ಟಿಯಲ್ಲಿ 1 ಜಿಬಿಗೆ ನಮ್ಮ ಸರಾಸರಿ 16 ಸೆಂಟ್ (0.16 ಡಾಲರ್), ಅಮೆರಿಕದ್ದು 6 ಡಾಲರ್. ಅಂತರ ಮೂವತ್ತೈದು ಪಟ್ಟಿಗೂ ಹೆಚ್ಚು.

ಆದರೆ ಅಂಗಡಿಗೆ ಹೋಗಿ ‘ಒಂದು ಜಿಬಿ ಕೊಡಿ’ ಎಂದು ತಿಂಗಳು ಕಳೆಯಲು ಆಗುವುದಿಲ್ಲ. ನಾವು ಕೊಳ್ಳುವುದು ರೀಚಾರ್ಜನ್ನು. 2024ರ ಜುಲೈ ಏರಿಕೆಯ ಬಳಿಕ ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನಗಳ ಯೋಜನೆ 239ರಿಂದ 299 ರೂಪಾಯಿಗೆ ಏರಿತು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ. ಅಂದರೆ ಆ ಕೂಲಿಯವರಿಗೆ ರೀಚಾರ್ಜ್ ಎಂದರೆ ಮುಕ್ಕಾಲು ದಿನಕ್ಕೂ ಮೀರಿದ ದುಡಿಮೆ. ಅಮೆರಿಕದಲ್ಲಿ 15 ಡಾಲರ್ ಆಸುಪಾಸಿಗೆ ತಿಂಗಳಿಗೆ 5 ಜಿಬಿ ಕೊಡುವ ಕಂಪನಿಗಳಿವೆ. ನ್ಯೂಜೆರ್ಸಿಯ ಕನಿಷ್ಠ ಕೂಲಿ ಗಂಟೆಗೇ 15 ಡಾಲರ್ ದಾಟಿದೆ. ಒಂದು ತಾಸಿನ ಕೆಲಸ! ಅಲ್ಲಿಯ 5 ಜಿಬಿ ನಮ್ಮ 28 ದಿನಗಳ 42 ಜಿಬಿಯ ಮುಂದೆ ಏನೇನೂ ಅಲ್ಲ, ನಿಜ. ಆದರೆ 42 ಜಿಬಿ ಬೇಡದವರ ಪಾಲಿಗೆ ಆ ಅಗ್ಗದಿಂದ ಏನು ಬಂತು? ಅಳಿಯಂದಿರಿಗೆ ಈ ಲೆಕ್ಕವನ್ನೂ ಒಮ್ಮೆ ಕೇಳಿಸಿ.

ಇನ್ನು ನಿಮ್ಮ ಮಧ್ಯಾಹ್ನದ ಸಂಕಟ. ಅದು ದರದ ದೋಷವಲ್ಲ, ಮಿತಿಯನ್ನು ದಿನದಿನಕ್ಕೆ ಕತ್ತರಿಸಿ ಕೊಡುವುದರ ದೋಷ. ಜಾತ್ರೆಯ ದಿನವೂ ಮಾಮೂಲಿ ದಿನವೂ ಒಂದೇ ಅಳತೆಯ ಹಿಟ್ಟು ನಾದಬೇಕು ಎಂದಂತೆ ಇದು. ಗಿರಾಕಿಗಳಿಗೆ ವಿಡಿಯೊ ಕರೆಯಲ್ಲಿ ಟೋಪ್ ತೆನಿ ಸೆರಗು ತೋರಿಸುವ ದಿನ ಒಂದೂವರೆ ಜಿಬಿ ಸಾಲದು. ಅಂಗಡಿ ಮುಚ್ಚಿದ ದಿನ ಉಳಿದದ್ದು ನಡುರಾತ್ರಿಗೆ ಮಣ್ಣುಪಾಲು. ಮಿತಿ ದಾಟಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ಸೀರೆಯ ಫೋಟೊ ಕೂಡ ತೆವಳುತ್ತದೆ. ಆಗ ಸುಮಾರು 20 ರೂಪಾಯಿ ಕೊಟ್ಟು ಇನ್ನೊಂದು ಜಿಬಿ ಹಾಕಿಸುತ್ತೀರಿ. ಮೂಲ ಯೋಜನೆಯಲ್ಲಿ ಜಿಬಿಗೆ 7 ರೂಪಾಯಿ ಬಿದ್ದದ್ದು ಇಲ್ಲಿ ಮೂರು ಪಟ್ಟಿನ ಹತ್ತಿರ. ಫಿನ್‌ಲ್ಯಾಂಡಿನಲ್ಲಿ ಡೇಟಾಗೆ ಮಿತಿಯೇ ಇಲ್ಲದ ಯೋಜನೆಗಳು ಸಾಮಾನ್ಯ. ಹೆಚ್ಚು ವೇಗ ಬೇಕಾದವರು ಹೆಚ್ಚು ಹಣ ಕೊಡುತ್ತಾರೆ. (ಅಮೆರಿಕದ ‘ಅನ್‌ಲಿಮಿಟೆಡ್’ ನಂಬಬೇಡಿ. ಅನೇಕ ಯೋಜನೆಗಳಲ್ಲಿ ಒಂದು ಹಂತ ದಾಟಿದ ಮೇಲೆ ವೇಗ ಕುಗ್ಗುತ್ತದೆ.)

ಸಣ್ಣ ಪ್ಯಾಕ್ ಕೊಳ್ಳುವವರಿಗೇ ಜಿಬಿ ದುಬಾರಿಯಾಗುವುದು ನಮ್ಮಲ್ಲಷ್ಟೇ ಅಲ್ಲ. ದಕ್ಷಿಣ ಆಫ್ರಿಕಾದ ಸ್ಪರ್ಧಾ ಆಯೋಗ 2019ರಲ್ಲಿ ಇದನ್ನೇ ಎತ್ತಿ ತೋರಿಸಿತು. ಮರುವರ್ಷ ಅಲ್ಲಿನ ಮೊಬೈಲ್ ಕಂಪನಿ ವೊಡಾಕಾಮ್ ತಿಂಗಳ 1 ಜಿಬಿ ದರವನ್ನು 149 ರ‍್ಯಾಂಡ್‌ನಿಂದ 99ಕ್ಕೆ ಇಳಿಸಿತು. ಕೇಳುವ ಸಂಸ್ಥೆ ಇದ್ದರೆ ದರ ಇಳಿಯುತ್ತದೆ.

ನಿಮಗೆ ನನ್ನ ಸಲಹೆ: ತಿಂಗಳ ಒಟ್ಟು ಡೇಟಾ ಕೊಟ್ಟು, ಉಳಿದದ್ದನ್ನು ಮುಂದಿನ ತಿಂಗಳಿಗೆ ಸೇರಿಸುವ ಪೋಸ್ಟ್‌ಪೇಯ್ಡ್ ಯೋಜನೆ ವಿಚಾರಿಸಿ. ನಿಮ್ಮಂಥ ಏರುಪೇರಿನ ವ್ಯಾಪಾರಕ್ಕೆ ಅದೇ ಸರಿ.

ತಾಯಿಯವರಿಗೆ ಡೇಟಾ ಕೊಳ್ಳುವ ಅಗತ್ಯವೇ ಇಲ್ಲ. ಡೇಟಾ ಬೇಡದವರಿಗಾಗಿ ಕರೆ ಮತ್ತು ಎಸ್ಎಂಎಸ್ ಮಾತ್ರದ ಯೋಜನೆ ಇಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಆ ಮೇಲೆ 84 ದಿನಗಳಿಗೆ 450ರಿಂದ 470 ರೂಪಾಯಿಯ ಆಸುಪಾಸಿನ ಯೋಜನೆಗಳು ಬಂದವು. ಇವನ್ನು ಕಂಪನಿಗಳು ಢಂಗುರ ಹೊಡೆದು ಹೇಳುವುದಿಲ್ಲ. ರೀಚಾರ್ಜ್ ಅಂಗಡಿಯಲ್ಲಿ ‘ಡೇಟಾ ಇಲ್ಲದ್ದು, ಬರೀ ಕರೆಯದ್ದು’ ಎಂದು ನೀವೇ ಒತ್ತಿ ಕೇಳಬೇಕು.