ನಿಮ್ಮ ಲೇಖನ ಶುರುವಾಗುವುದು ಮೂರನೇ ಪುಟದಲ್ಲಿ

ಪ್ರಿಯ ಬರಹಗಾರರೇ,

ಆಗ್ರಾ ಫೋರ್ಟ್ ರೈಲು ನಿಲ್ದಾಣದ ಇತಿಹಾಸದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೆ ಕಾರಣ ಮೂರನೇ ಪುಟದ ಒಂದು ಸಾಲು: ‘ನಿಲ್ದಾಣಕ್ಕಾಗಿ ಹಳೆಯ ಕಟ್ಟಡವೊಂದನ್ನು ತೆರವುಗೊಳಿಸಲಾಯಿತು.’

ಆ ಹಳೆಯ ಕಟ್ಟಡ ತ್ರಿಪೋಲಿಯಾ ಚೌಕ. ಆಗ್ರಾ ಕೋಟೆಯ ದೆಹಲಿ ದರ್ವಾಜಾಕ್ಕೂ ಊರಿನ ಜಾಮಾ ಮಸೀದಿಗೂ ನಡುವೆ ಇದ್ದ, ಎಂಟು ಮೂಲೆಯ ದೊಡ್ಡ ಅಂಗಳ. 1870ರ ದಶಕದಲ್ಲಿ ಬ್ರಿಟಿಷರು ಅದನ್ನು ಕೆಡವಿ, ಅದೇ ಜಾಗದಲ್ಲಿ ನಿಲ್ದಾಣ ಕಟ್ಟಿದರು. ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ ಅಲ್ವಾ? ನೀವು ನೋಡಿದರೆ ತಾಜ್ ಮಹಲಿಗೆ ಎರಡು ಪುಟ ಕೊಟ್ಟು, ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅದೂ ಯಾರು ಕೆಡವಿದರು ಅಂತ ಹೇಳದೆ.

ಓದುಗರನ್ನು ಇಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ. ಪ್ರವಾಸಿಗರು ಈಗ ಕೋಟೆಯೊಳಗೆ ಹೋಗುವುದು ದಕ್ಷಿಣದ ಅಮರ್ ಸಿಂಗ್ ದರ್ವಾಜಾದಿಂದ. ದೆಹಲಿ ದರ್ವಾಜಾದ ಕಡೆ ಸೇನೆಯ ವಶದಲ್ಲಿದೆ. ಹಾಗಾಗಿ ಆಗ್ರಾ ನೋಡಿ ಬಂದವರಿಗೂ ಕೋಟೆಗೂ ಮಸೀದಿಗೂ ನಡುವೆ ಇದ್ದ ನಂಟು ಹೊಳೆಯುವುದಿಲ್ಲ. ನಿಲ್ದಾಣದಿಂದ ಕಾಣುವ ಮಸೀದಿಯ ಗುಮ್ಮಟಗಳ ಬಗ್ಗೆ ನೀವು ಬರೆದದ್ದು ಚೆನ್ನಾಗಿದೆ. ಬಿಳಿ ಕಲ್ಲು, ಕೆಂಪು ಕಲ್ಲು ಅಂಕುಡೊಂಕಾಗಿ ಸುತ್ತಿ ಬರುವ ಆ ಪಟ್ಟೆಗಳನ್ನು ಕಣ್ಣಾರೆ ನೋಡಿದವರು ಮಾತ್ರ ಹಾಗೆ ಬರೆಯಬಲ್ಲರು. ಲೇಖನ ಅಲ್ಲಿಂದಲೇ ಶುರುವಾಗಲಿ.

ಒಂದು ತಪ್ಪನ್ನು ತಿದ್ದಲೇಬೇಕು. ಮಸೀದಿ ಕಟ್ಟಿಸಿದ್ದು ಷಹಜಹಾನ್ ಎಂದು ಬರೆದಿದ್ದೀರಿ. ಕಟ್ಟಿಸಿದವಳು ಅವನ ಮಗಳು ಜಹಾನಾರಾ. ಅದು ಪೂರ್ತಿಯಾದದ್ದು 1648ರಲ್ಲಿ. ಅವಳ ಹೆಸರು ಬಿಟ್ಟುಹೋಗಬಾರದು.

ಇನ್ನು ‘ರೈಲು ದೇಶವನ್ನು ಒಂದುಗೂಡಿಸಿತು’ ಎಂಬ ನಿಮ್ಮ ಮಾತು. ಎಲ್ಲರೂ ಹೇಳುವುದನ್ನೇ ಸುಮ್ನೆ ಹೇಳಿದ ಹಾಗಿದೆ. ಈ ನಿಲ್ದಾಣವೇ ಅದನ್ನು ಒಪ್ಪುವುದಿಲ್ಲ. ರಾಜಸ್ಥಾನದ ಬಾಂದೀಕುಯಿ ಕಡೆಯಿಂದ ಇಲ್ಲಿಗೆ ಬರುತ್ತಿದ್ದದ್ದು ಮೀಟರ್ ಗೇಜ್. ಹಳಿಗಳ ನಡುವೆ 1,000 ಮಿಲಿಮೀಟರ್ ಅಂತರ. ಖರ್ಚು ಉಳಿಸಲು ಆಗಿನ ವೈಸರಾಯ್ ಲಾರ್ಡ್ ಮೇಯೋ ಸರ್ಕಾರ ಈ ಅಳತೆ ಆರಿಸಿಕೊಂಡಿತು. ಇನ್ನೊಂದು ಕಡೆ ಬ್ರಾಡ್ ಗೇಜ್, 1,676 ಮಿಲಿಮೀಟರ್. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುವುದಿಲ್ಲ. ರಾಜಸ್ಥಾನದ ಸಾಂಭರ್ ಸರೋವರದ ಉಪ್ಪು ಮೀಟರ್ ಗೇಜಿನಲ್ಲಿ ಆಗ್ರಾಕ್ಕೆ ಬರುತ್ತಿತ್ತು. ಅದು ಬ್ರಾಡ್ ಗೇಜಿನಲ್ಲಿ ಮುಂದೆ ಹೋಗಬೇಕಾದರೆ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬಲೇಬೇಕು. ಸರ್ಕಾರ ಹಳಿಯಲ್ಲಿ ಉಳಿಸಿದ್ದನ್ನು ಹಮಾಲಿಗಳು ಬೆನ್ನಿನ ಮೇಲೆ ಹೊತ್ತರು. ಜೈಪುರದ ಮಾರ್ಗ ಬ್ರಾಡ್ ಗೇಜ್ ಆಗುವವರೆಗೂ ಇಲ್ಲಿ ಎರಡೂ ಅಳತೆಯ ಹಳಿಗಳಿದ್ದವು. ನಿಮ್ಮ ಎಂಟು ಪುಟಗಳಲ್ಲಿ ಒಬ್ಬ ಹಮಾಲಿಯೂ ಇಲ್ಲ. ನನಗೆ ಜಾಸ್ತಿ ಬೇಸರವಾದದ್ದು ಇದಕ್ಕೇ.

ತಾಜ್ ಮಹಲಿನ ಎರಡು ಪುಟ ಪೂರ್ತಿ ತೆಗೆಯಿರಿ. ವೈಸರಾಯ್‌ಗಳ ಪಟ್ಟಿಯಲ್ಲಿ ಮೇಯೋ ಒಬ್ಬ ಸಾಕು. ಜೊತೆಗೆ ಕೈಯಲ್ಲೇ ಬರೆದ ಒಂದು ನಕ್ಷೆ ಕಳಿಸಿ. ಕೋಟೆ, ಮಸೀದಿ, ನಡುವೆ ಹಳಿ ಎಲ್ಲಿ ಹಾದುಹೋಗುತ್ತದೆ ಅನ್ನುವುದು ಓದುಗರಿಗೆ ಕಾಣಬೇಕು. ಸಾವಿರದ ಇನ್ನೂರು ಪದಗಳ ಒಳಗೆ ಇರಲಿ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ