ಕ್ರೂಗರ್ ಪಕ್ಕದ ಖಾಸಗಿ ಕಾಡಿಗೆ ಸಫಾರಿ ಹೋಗುವುದಾದರೆ ಏನನ್ನು ನೋಡಿ ಆರಿಸಬೇಕು?

ನೀವಿಬ್ಬರು, ಎಂಟು ವರ್ಷದ ಮಗಳು ಮತ್ತು ಎಪ್ಪತ್ತು ದಾಟಿದ ನಿಮ್ಮ ತಂದೆಯವರು ದಕ್ಷಿಣ ಆಫ್ರಿಕಕ್ಕೆ ಹೊರಟಿದ್ದೀರಿ. ಕಬಿನಿ, ಬಂಡೀಪುರಗಳನ್ನು ಹಲವು ಬಾರಿ ನೋಡಿರುವ ನಿಮಗೆ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಖಾಸಗಿ ವನ್ಯಧಾಮಗಳ ದರ ಕಂಡು, ಅಷ್ಟು ಹಣ ಕೊಡುವುದು ಸಾರ್ಥಕವೇ, ಕೊಡುವುದಾದರೆ ಯಾವ ತಿಂಗಳು ಹೋಗಬೇಕು, ಎಷ್ಟು ರಾತ್ರಿ ಉಳಿಯಬೇಕು ಎಂಬ ಪ್ರಶ್ನೆ ಎದ್ದಿದೆ. ಜೋಹಾನ್ಸ್‌ಬರ್ಗ್‌ನಲ್ಲಿ ಉದ್ಯೋಗದಲ್ಲಿದ್ದ ವರ್ಷಗಳಲ್ಲಿ ಆ ಕಾಡುಗಳಿಗೆ ಮತ್ತೆ ಮತ್ತೆ ಹೋಗಿ ಬಂದವನಾಗಿ ಹೇಳುವುದಾದರೆ, ಖಂಡಿತ ಸಾರ್ಥಕ. ಆದರೆ ಲಾಡ್ಜ್ ಆರಿಸುವಾಗ ಕೊಠಡಿ, ಈಜುಕೊಳಗಳ ಚಿತ್ರಗಳನ್ನು ಬದಿಗಿಟ್ಟು, ಅದರ ವಾಹನಗಳು ಎಷ್ಟು ವಿಸ್ತಾರದ ನೆಲದಲ್ಲಿ ಓಡಾಡಬಹುದು, ಆ ವಾಹನದ ಮುಂದೆ ಯಾರು ಕುಳಿತಿರುತ್ತಾರೆ ಎಂಬುದನ್ನು ಮೊದಲು ವಿಚಾರಿಸಬೇಕು.

ನನಗೆ ಹೆಚ್ಚು ಪರಿಚಯವಿರುವ ಸಾಬಿ ಸ್ಯಾಂಡ್ ವನ್ಯಧಾಮದ ವಿಷಯವನ್ನೇ ಹೇಳುತ್ತೇನೆ. ಸುಮಾರು 65,000 ಹೆಕ್ಟೇರ್ ವಿಸ್ತಾರದ ಈ ಕಾಡು ಯಾರೋ ಒಬ್ಬರ ಆಸ್ತಿಯಲ್ಲ; ಅಕ್ಕಪಕ್ಕದ ಭೂಮಾಲೀಕರು 1948ರಲ್ಲಿ ಸಂಘ ಕಟ್ಟಿಕೊಂಡು, ತಮ್ಮ ಜಮೀನುಗಳನ್ನು ಒಟ್ಟಾಗಿ ವನ್ಯಜೀವಿಗಳಿಗಾಗಿ ಉಳಿಸಿಕೊಂಡು ಬಂದದ್ದರ ಫಲ ಇದು. ಇದಕ್ಕೂ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದುಹಾಕಿದರು. ಕ್ರೂಗರ್‌ನ ವಿಸ್ತೀರ್ಣ 19,000 ಚದರ ಕಿಲೋಮೀಟರಿಗಿಂತ ಹೆಚ್ಚು, ಅಂದರೆ ಕರ್ನಾಟಕದ ಸುಮಾರು ಹತ್ತನೆಯ ಒಂದು ಭಾಗ. ಆ ಇಡೀ ಕಾಡಿನ ಆನೆ, ಸಿಂಹಗಳು ಈಗ ತಮ್ಮಿಷ್ಟದಂತೆ ಸಾಬಿ ಸ್ಯಾಂಡ್‌ಗೆ ಬರುತ್ತವೆ, ಹೋಗುತ್ತವೆ. ‘ಖಾಸಗಿ ವನ್ಯಧಾಮ’ ಎಂಬ ಹೆಸರು ಸುತ್ತ ಬೇಲಿ ಹಾಕಿ ಪ್ರಾಣಿಗಳನ್ನು ತಂದು ಬಿಟ್ಟ ಸಣ್ಣ ಜಮೀನಿಗೂ ಇರುತ್ತದಾದ್ದರಿಂದ, ಬೇಲಿಯಿಲ್ಲದ ಈ ಗಡಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಸಾಬಿ ಸ್ಯಾಂಡ್ ಒಳಗೆ ಪ್ರಾಣಿಗಳಿಗೆ ಗಡಿಯಿಲ್ಲದಿದ್ದರೂ ವಾಹನಗಳಿಗೆ ಇದೆ. ಪ್ರತಿ ಲಾಡ್ಜ್ ತನ್ನ ನೆಲದಲ್ಲಿ, ಮತ್ತು ಒಪ್ಪಂದವಿದ್ದರೆ ನೆರೆಯವರ ನೆಲದಲ್ಲಿ, ಮಾತ್ರ ಸಂಚರಿಸಬಹುದು. ಹೀಗಾಗಿ ನೀವು ಹಿಂಬಾಲಿಸುತ್ತಿರುವ ಚಿರತೆ ಗಡಿ ದಾಟಿತೆಂದರೆ ನಿಮ್ಮ ರೇಂಜರ್ (ವಾಹನ ಓಡಿಸುವ ಲಾಡ್ಜ್‌ನ ಮಾರ್ಗದರ್ಶಿ) ಅಲ್ಲೇ ನಿಲ್ಲಬೇಕಾಗುತ್ತದೆ. ಸಾಬಿ ಸ್ಯಾಂಡ್‌ನ ಮಲಾಮಲಾದಂಥ ಲಾಡ್ಜ್‌ಗೆ ಸಂಚಾರಕ್ಕೆ ಸುಮಾರು 13,000 ಹೆಕ್ಟೇರ್ ನೆಲವಿದೆ. (ಆ ನೆಲದಿಂದ ಹಿಂದೆ ಒಕ್ಕಲೆಬ್ಬಿಸಲ್ಪಟ್ಟಿದ್ದ ಸಮುದಾಯಕ್ಕೆ 2013ರಲ್ಲಿ ಸರ್ಕಾರ ಅದನ್ನು ಖರೀದಿಸಿ ಮರಳಿಸಿತೆಂಬುದು ನನಗೆ ಇಂದಿಗೂ ನೆಮ್ಮದಿ ಕೊಡುವ ಸಂಗತಿ.) ದರ ಕಡಿಮೆಯಿರುವ ಕೆಲವು ಲಾಡ್ಜ್‌ಗಳ ಸಂಚಾರದ ನೆಲ ಇದಕ್ಕಿಂತ ಎಷ್ಟೋ ಚಿಕ್ಕದು. ಆದ್ದರಿಂದ ಸಂಚಾರಕ್ಕೆ ಎಷ್ಟು ಹೆಕ್ಟೇರ್ ಇದೆ, ಅದರಲ್ಲಿ ಒಟ್ಟು ಎಷ್ಟು ವಾಹನಗಳು ಓಡುತ್ತವೆ, ಒಂದು ಪ್ರಾಣಿಯ ಬಳಿ ಏಕಕಾಲದಲ್ಲಿ ಎಷ್ಟು ವಾಹನ ನಿಲ್ಲಲು ಅವಕಾಶ, ಒಂದು ವಾಹನದಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆ, ಟ್ರ್ಯಾಕರ್ (ಪ್ರಾಣಿಗಳ ಜಾಡು ಹಿಡಿಯುವವರು) ಪ್ರತ್ಯೇಕವಾಗಿ ಇರುತ್ತಾರೆಯೇ ಎಂಬುದನ್ನು ಇಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಪಡೆಯಿರಿ. ಉತ್ತಮ ಲಾಡ್ಜ್‌ಗಳು ಇದಕ್ಕೆ ನೇರವಾಗಿ ಉತ್ತರಿಸುತ್ತವೆ.

ಟ್ರ್ಯಾಕರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಸಫಾರಿಗಳಿಗೂ ಅಲ್ಲಿಯದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಕಬಿನಿಯಲ್ಲಿ ಮುಸುವನ ಅಥವಾ ಜಿಂಕೆಯ ಎಚ್ಚರಿಕೆಯ ಕೂಗು ಕೇಳಿದರೆ ನಮ್ಮ ಜೀಪು ನಿಗದಿತ ದಾರಿಯಲ್ಲೇ ನಿಂತು ಹುಲಿ ಹೊರಬರುವುದನ್ನು ಕಾಯಬೇಕು, ಮತ್ತು ನಮ್ಮ ಕಾಡಿನ ದಟ್ಟಣೆಗೆ ಆ ನಿಯಮವೇ ಸರಿ. ಸಾಬಿ ಸ್ಯಾಂಡ್‌ನಲ್ಲಿ ತೆರೆದ ವಾಹನದ ಬಾನೆಟ್ಟಿನ ಮುಂದಕ್ಕೆ ಅಳವಡಿಸಿದ ಆಸನದಲ್ಲಿ ಟ್ರ್ಯಾಕರ್ ಕುಳಿತು ಮಣ್ಣುದಾರಿಯನ್ನು ಓದುತ್ತಾ ಸಾಗುತ್ತಾರೆ. ಇವರಲ್ಲಿ ಹೆಚ್ಚಿನವರು ಅದೇ ಪ್ರದೇಶದ ಶಾಂಗಾನ್ ಜನರು. ಹೆಜ್ಜೆಗುರುತಿನ ಮೇಲೆ ಇಬ್ಬನಿಯ ಹನಿಗಳು ಬಿದ್ದಿವೆಯೇ, ರಾತ್ರಿ ಹರಿದಾಡಿದ ಹುಳುವಿನ ಜಾಡು ಆ ಗುರುತಿನ ಮೇಲೆ ಹಾದಿದೆಯೇ ಅಥವಾ ಅದರಡಿ ಮುಚ್ಚಿಹೋಗಿದೆಯೇ ಎಂಬುದನ್ನು ನೋಡಿ, ಪ್ರಾಣಿ ಯಾವ ಹೊತ್ತಿಗೆ ಹಾದುಹೋಯಿತೆಂದು ಅಂದಾಜು ಮಾಡುತ್ತಾರೆ. ಜಾಡು ದಾರಿ ಬಿಟ್ಟು ಪೊದೆಗಳತ್ತ ತಿರುಗಿದರೆ ಕೆಲವೊಮ್ಮೆ ತಾವೇ ಇಳಿದು ನಡೆದು ಹುಡುಕುತ್ತಾರೆ. ಸಿಂಹ, ಚಿರತೆಯಂಥ ಪ್ರಾಣಿ ಸಿಕ್ಕರೆ, ನೆಲ ಒದ್ದೆಯಾಗಿಲ್ಲದಿದ್ದರೆ, ವಾಹನವೂ ದಾರಿ ಬಿಟ್ಟು ಅದರ ಹಿಂದೆ ಹೋಗಬಹುದು. ಕ್ರೂಗರ್‌ನಲ್ಲಿ ಸ್ವಂತ ಕಾರಿನಲ್ಲಿ ಹೋದವರಿಗೆ ಇದು ಸಾಧ್ಯವಿಲ್ಲ. ಅಲ್ಲಿ ರಸ್ತೆ ಬಿಡುವಂತಿಲ್ಲ, ಸಂಜೆ ಗೇಟು ಮುಚ್ಚುವ ಮುನ್ನ ಹೊರಗೆ ಬರಬೇಕು ಅಥವಾ ಕ್ಯಾಂಪ್ ಸೇರಬೇಕು.

ಚಿರತೆಗಳನ್ನು ಅಲ್ಲಿ ಮೀಸೆಯ ಸಾಲಿನ ಮೇಲಿರುವ ಚುಕ್ಕೆಗಳ ವಿನ್ಯಾಸದಿಂದ ಒಂದೊಂದಾಗಿ ಗುರುತಿಸುತ್ತಾರೆ. ಲೊಂಡೊಲೋಜಿ ಎಂಬ ಲಾಡ್ಜ್‌ನ ನೆಲದಲ್ಲಿ 1970ರ ದಶಕದ ಕೊನೆಯಿಂದ ತಾಯಿ, ಮಗಳು, ಮೊಮ್ಮಗಳು ಎಂದು ಚಿರತೆಗಳ ವಂಶಾವಳಿಯನ್ನೇ ದಾಖಲಿಸಿಕೊಂಡು ಬಂದಿದ್ದಾರೆ. ತಲೆಮಾರುಗಳಿಂದ ವಾಹನಗಳನ್ನು ಕಂಡು ಬೆಳೆದ ಈ ಚಿರತೆಗಳು ನಿಮ್ಮೆದುರಿಗೇ ಇಂಪಾಲಾ ಎಂಬ ಜಿಂಕೆಯಂಥ ಪ್ರಾಣಿಯನ್ನು ಮರದ ಮೇಲೆ ಎಳೆದೊಯ್ದು ನಿರಾತಂಕವಾಗಿ ತಿನ್ನುತ್ತವೆ. ಆದರೆ ವಾಹನದಲ್ಲಿ ಯಾರೂ ಎದ್ದು ನಿಲ್ಲಕೂಡದು. ವಾಹನವನ್ನು ಒಂದೇ ಆಕಾರವಾಗಿ ನೋಡಿ ಅಭ್ಯಾಸವಾದ ಪ್ರಾಣಿಗೆ, ಅದರಿಂದ ಬೇರ್ಪಟ್ಟು ಕಾಣುವ ಮನುಷ್ಯ ಬೇರೆಯೇ ಸಂಗತಿ. ಮಗಳಿಗೆ ಇದನ್ನು ಮನೆಯಲ್ಲೇ ಮನದಟ್ಟು ಮಾಡಿಸಿ. ಜೊತೆಗೆ, ಹಲವು ಲಾಡ್ಜ್‌ಗಳು ಆರು ವರ್ಷದೊಳಗಿನ ಮಕ್ಕಳನ್ನು ಎಲ್ಲರೊಂದಿಗೆ ಸಫಾರಿಗೆ ಕರೆದೊಯ್ಯುವುದಿಲ್ಲ. ಕೆಲವೆಡೆ ಈ ಮಿತಿ ಇನ್ನೂ ಹೆಚ್ಚು. ಎಂಟು ವರ್ಷದವಳಿಗೆ ಅನುಮತಿಯಿದೆಯೇ ಎಂದು ಹಣ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಿ.

ಕಾಲದ ವಿಚಾರದಲ್ಲಿ ನಮ್ಮ ಶಾಲೆಗಳ ರಜೆ ನಿಮ್ಮನ್ನು ಕಟ್ಟಿಹಾಕುತ್ತದೆ. ಅಲ್ಲಿ ಮಳೆಗಾಲ ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಲ್ಲಿ ಹುಲ್ಲು ಇನ್ನೂ ಎತ್ತರವಾಗಿದ್ದು ಪ್ರಾಣಿಗಳು ಮರೆಯಾಗುತ್ತವೆ. ಮೇ ತಿಂಗಳಿಂದ ಹುಲ್ಲು ಒಣಗಿ, ಹೊಂಡಗಳು ಬತ್ತಿ, ಪ್ರಾಣಿಗಳು ಉಳಿದ ನೀರಿನ ಸುತ್ತ ಸೇರತೊಡಗುತ್ತವೆ. ಹೀಗಾಗಿ ಬೇಸಿಗೆ ರಜೆಯ ಕೊನೆಯ ಭಾಗ, ಅಂದರೆ ಮೇ ಮಧ್ಯಭಾಗ, ನಿಮಗೆ ಬಹಳ ಸೂಕ್ತ. ಕೆಲವು ಲಾಡ್ಜ್‌ಗಳು ಮೇ, ಜೂನ್‌ನಲ್ಲಿ ದರವನ್ನೂ ಇಳಿಸುತ್ತವೆ. ದಸರಾ ರಜೆಯಲ್ಲಿ ಹೋದರೆ ಪ್ರಾಣಿಗಳು ಚೆನ್ನಾಗಿಯೇ ಸಿಗುತ್ತವೆ, ಆದರೆ ಬಿಸಿಲು ತೀವ್ರವಾಗಿದ್ದು ತಂದೆಯವರಿಗೆ ಕಷ್ಟವಾಗಬಹುದು. ಮೇ ತಿಂಗಳ ಮುಂಜಾನೆ ತೆರೆದ ವಾಹನದಲ್ಲಿ ಗಾಳಿ ಮೈ ಕೊರೆಯುತ್ತದೆ. ಸ್ವೆಟರ್, ಟೋಪಿ, ಕೈಗವಸು ಎಲ್ಲರಿಗೂ ಬೇಕು. ವಾಹನದ ಆಸನಗಳು ಹಿಂದಕ್ಕೆ ಹೋದಂತೆ ಎತ್ತರವಾಗುವುದರಿಂದ ತಂದೆಯವರಿಗೆ ಚಾಲಕರ ಹಿಂದಿನ ಮೊದಲ ಸಾಲನ್ನೇ ಕೇಳಿ. ಹತ್ತುವುದು ಸುಲಭ, ಕುಲುಕಾಟವೂ ಕಡಿಮೆ.

ಕ್ರೂಗರ್ ಪ್ರದೇಶ ಮಲೇರಿಯಾ ವಲಯದಲ್ಲಿದೆ. ಅಲ್ಲಿನ ಚಳಿಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಅಪಾಯ ಇಳಿಯುತ್ತದೆ, ಆದರೂ ಹೊರಡುವ ಸಾಕಷ್ಟು ಮುಂಚೆಯೇ ವೈದ್ಯರನ್ನು ಕಂಡು ಮಗುವಿಗೆ ಮತ್ತು ಹಿರಿಯರಿಗೆ ಸಲ್ಲುವ ತಡೆಮಾತ್ರೆಯ ಬಗ್ಗೆ ಕೇಳಲೇಬೇಕು. ಮಾತ್ರೆಯೇ ಬೇಡವೆನಿಸಿದರೆ ಬೋಟ್ಸ್‌ವಾನ ಗಡಿಯಲ್ಲಿರುವ, ಮಲೇರಿಯಾ ಇಲ್ಲದ ಮಡಿಕ್ವೆ ವನ್ಯಧಾಮ ಒಳ್ಳೆಯ ಪರ್ಯಾಯ. ದನಗಳ ಸಾಕಣೆಯಿಂದ ಸೊರಗಿದ್ದ 75,000 ಹೆಕ್ಟೇರ್ ನೆಲವನ್ನು 1991ರಲ್ಲಿ ವನ್ಯಧಾಮವೆಂದು ಘೋಷಿಸಿ, 8,000ಕ್ಕೂ ಹೆಚ್ಚು ಪ್ರಾಣಿಗಳನ್ನು ಬೇರೆಡೆಯಿಂದ ತಂದು ಅಲ್ಲಿ ನೆಲೆಗೊಳಿಸಿದರು. ನೆಲ ಸರ್ಕಾರದ್ದು, ಲಾಡ್ಜ್‌ಗಳು ಖಾಸಗಿಯವು. ಆಫ್ರಿಕದ ಕಾಡುನಾಯಿಗಳು ಅಲ್ಲಿನ ಹೆಮ್ಮೆ. ಚಿರತೆ ಮಾತ್ರ ಸಾಬಿ ಸ್ಯಾಂಡ್‌ನಷ್ಟು ಸುಲಭವಾಗಿ ಕಾಣುವುದಿಲ್ಲ.

ರಾತ್ರಿಗಳ ಲೆಕ್ಕಕ್ಕೆ ಬಂದರೆ, ಒಂದೇ ಲಾಡ್ಜ್‌ನಲ್ಲಿ ಕನಿಷ್ಠ ಮೂರು ರಾತ್ರಿ ಇರಿ. ಬೆಳಗ್ಗೆ ಒಂದು, ಸಂಜೆ ಒಂದು ಎಂಬಂತೆ ಆರು ಸಫಾರಿ ಸಿಗುತ್ತವೆ, ಒಂದೊಂದೂ ಮೂರು-ನಾಲ್ಕು ಗಂಟೆಯದು. ಮೊದಲೆರಡು ಸುತ್ತು ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕೇಪ್ ಬಫಲೊ ಎಂಬ ಐದರ ಪಟ್ಟಿಯ ಹಿಂದೆ ಕಳೆದುಹೋಗುತ್ತವೆ. ಆ ಆತುರ ತೀರಿದ ಮೇಲೆಯೇ ಒಂದು ಆನೆಯ ಹಿಂಡಿನ ಬಳಿ ಗಂಟೆಗಟ್ಟಲೆ ಕುಳಿತಿರಲು ಮನಸ್ಸು ಒಪ್ಪುತ್ತದೆ. ಹಣ ಸಾಲದೆಂದರೆ ಲಾಡ್ಜನ್ನು ಎರಡು ರಾತ್ರಿಗೆ ಇಳಿಸುವುದಕ್ಕಿಂತ, ಅದಕ್ಕೂ ಮುಂಚೆ ಕ್ರೂಗರ್‌ನ ಸರ್ಕಾರಿ ಕ್ಯಾಂಪ್‌ನಲ್ಲಿ ಉಳಿಯುವ ಯೋಚನೆಯಿದ್ದರೆ ಅದನ್ನು ಕೈಬಿಡುವುದು ಮೇಲು.

ದರವನ್ನು ತಲಾ ಒಂದು ರಾತ್ರಿಗೆಂದು ಹೇಳುತ್ತಾರೆ. ಅದರಲ್ಲಿ ವಾಸ, ಊಟ, ಎರಡು ಸಫಾರಿ ಸೇರಿರುತ್ತವೆ. ಪ್ರವೇಶ ಶುಲ್ಕ, ಸಂರಕ್ಷಣಾ ಶುಲ್ಕ, ರೇಂಜರ್ ಮತ್ತು ಟ್ರ್ಯಾಕರ್‌ಗೆ ಬೇರೆ ಬೇರೆಯಾಗಿ ಕೊಡುವ ಟಿಪ್ಸ್ ಸಾಮಾನ್ಯವಾಗಿ ಹೊರಗಿನವು. ಸಸ್ಯಾಹಾರಿಗಳಾದರೆ ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ ಬಿಡಿಸಿ ಮುಂಚಿತವಾಗಿ ಬರೆದರೆ ತೊಂದರೆಯಾಗದು.

ಪ್ರಯಾಣದ ವಿಷಯದಲ್ಲಿ ನಿಮಗೆ ವಿಶೇಷವಾಗಿ ಹೇಳಬೇಕಾದದ್ದು ಪೀತಜ್ವರದ (ಯೆಲ್ಲೋ ಫೀವರ್) ಲಸಿಕೆಯ ಬಗ್ಗೆ. ದಕ್ಷಿಣ ಆಫ್ರಿಕ ಪೀತಜ್ವರದ ದೇಶವಲ್ಲ, ಆದರೆ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋದರೆ ಲಸಿಕೆಯ ಪ್ರಮಾಣಪತ್ರದ ಪ್ರಶ್ನೆ ಹೋಗುವಾಗಲೂ ಬರುವಾಗಲೂ ಏಳಬಹುದು. ಅರವತ್ತು ದಾಟಿದವರು ಮೊದಲ ಬಾರಿಗೆ ಈ ಲಸಿಕೆ ಪಡೆದಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ತಂದೆಯವರು ಜೊತೆಗಿರುವಾಗ, ಟಿಕೆಟ್ ಸ್ವಲ್ಪ ದುಬಾರಿಯಾದರೂ ದುಬೈ ಅಥವಾ ದೋಹಾ ಮೂಲಕವೇ ಹೋಗಿ. ವೀಸಾ ಮೊದಲೇ ಪಡೆಯಬೇಕು. ಜೋಹಾನ್ಸ್‌ಬರ್ಗ್‌ನಿಂದ ಕ್ರೂಗರ್ ಒಳಗಿನ ಸ್ಕುಕೂಜಾ ವಿಮಾನ ನಿಲ್ದಾಣಕ್ಕೆ ಹಾರಿದರೆ ಲಾಡ್ಜ್‌ನವರು ಬಂದು ಕರೆದೊಯ್ಯುತ್ತಾರೆ. ಸಣ್ಣ ವಿಮಾನವಾದರೆ ಗಟ್ಟಿ ಸೂಟ್‌ಕೇಸ್ ಬದಲು ಮೆತ್ತನೆಯ ಚೀಲ ಬೇಕಾಗಬಹುದು.

ಇನ್ನೆರಡು ವಿನಂತಿಗಳಿವೆ. ಘೇಂಡಾಮೃಗದ ಚಿತ್ರ ತೆಗೆದರೆ ಫೋನಿನಲ್ಲಿ ಸ್ಥಳದ ಗುರುತು ದಾಖಲಾಗದಂತೆ ಮಾಡಿ, ಎಲ್ಲಿ ಕಂಡಿತೆಂದು ಎಲ್ಲಿಯೂ ಬರೆಯಬೇಡಿ. 2014ರ ಒಂದೇ ವರ್ಷದಲ್ಲಿ ಆ ದೇಶ 1,215 ಘೇಂಡಾಮೃಗಗಳನ್ನು ಕಳ್ಳಬೇಟೆಗೆ ಕಳೆದುಕೊಂಡಿತು. ಕೊಂಬಿಲ್ಲದವು ಕಂಡರೆ ಮಗಳಿಗೆ ಕಾರಣ ಹೇಳಿ: ಬೇಟೆಗಾರರಿಂದ ಉಳಿಸಲೆಂದೇ ಅವುಗಳ ಕೊಂಬನ್ನು ಕತ್ತರಿಸಿರುತ್ತಾರೆ. ಹಾಗೆಯೇ, ಸಿಂಹದ ಮರಿಯನ್ನು ಎತ್ತಿಕೊಳ್ಳಲು, ಸಿಂಹದೊಂದಿಗೆ ನಡೆಯಲು ಕರೆಯುವ ಸ್ಥಳಗಳಿಗೆ ಅವಳನ್ನು ಕರೆದೊಯ್ಯಬೇಡಿ. ತಾಯಿಯಿಂದ ಬೇರ್ಪಡಿಸಿ ಸಾಕಿದ ಅಂಥ ಮರಿಗಳು ಮತ್ತೆಂದೂ ಕಾಡಿಗೆ ಹೋಗಲಾರವು. ಪಂಜರದಲ್ಲಿ ಸಿಂಹ ಸಾಕುವ ಈ ಉದ್ಯಮವನ್ನು ನಿಲ್ಲಿಸುವುದಾಗಿ 2021ರಲ್ಲಿ ಅಲ್ಲಿನ ಸರ್ಕಾರವೇ ಪ್ರಕಟಿಸಿದೆ.